ಅಜ್ಜನ ಲೆಕ್ಕದ ಪುಸ್ತಕದ ಬೇವು, ಕ್ಯೋಟೋದ ಚೆರ್ರಿ

ಹಿತ್ತಲ ಬೇವು, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ಹೋದ ವಾರ ದುರ್ಗದ ಹತ್ತಿರದ ನಮ್ಮ ಹಳ್ಳಿ ಮನೆಯ ಅಟ್ಟ ಗುಡಿಸುವಾಗ ಅಜ್ಜನ ಲೆಕ್ಕದ ಪುಸ್ತಕ ಸಿಕ್ಕಿತು. ಶೇಂಗಾ ಮಾರಿದ್ದು, ಎತ್ತಿಗೆ ಲಾಳ ಹೊಡೆಸಿದ್ದು, ಕಳೆ ತೆಗೆದವರಿಗೆ ಕೊಟ್ಟ ಕೂಲಿ, ಎಲ್ಲ ಇದೆ. ಕೊನೆಯ ಪುಟ ತಿರುಗಿಸಿದರೆ ಬೇರೆ ಥರದ ಎರಡು ಸಾಲು ಇದ್ದವು. ಇದ್ದ ಹಾಗೇ ಹಾಕುತ್ತಿದ್ದೇನೆ. ಪಿಂಗಳ, ಕಾಳಯುಕ್ತಿ ಅಂದರೆ ಸಂವತ್ಸರದ ಹೆಸರು.

"ಪಿಂಗಳ. ಹಿತ್ತಲ ಬೇವು ಮೊದಲ ಹೂ. ಯುಗಾದಿ ಕಳೆದು 9 ದಿನ."

"ಹಿತ್ತಲ ಬೇವು ಮೊದಲ ಹೂ. ಕಾಳಯುಕ್ತಿ ಯುಗಾದಿಗೆ ಇನ್ನೂ 11 ದಿನ. ಮರ ಅವಸರ ಮಾಡಿತು."

ಆ ಬೇವು ಇನ್ನೂ ಇದೆ. ಬುಡದ ಹತ್ತಿರ ದನ ಕಟ್ಟಿ ಕಟ್ಟಿ ಹಗ್ಗದ ಗುರುತು ಬಿದ್ದಿದೆ. ಅಜ್ಜ ಅದರ ಹೂವಿನ ಲೆಕ್ಕ ಇಟ್ಟಿದ್ದರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇದನ್ನು ನೋಡಿದ ಕೂಡಲೇ ನನಗೆ ಜಪಾನಿನ ಕ್ಯೋಟೋ ನೆನಪಾಯಿತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವುದು, ಮಕ್ಕಳಿಗೆ ಹವಾಮಾನದ ಪಾಠ ಮಾಡುವಾಗ ಈ ಕಥೆ ಹೇಳುತ್ತೇನೆ. ಅಲ್ಲಿ ಚೆರ್ರಿ ಮರ ಯಾವ ದಿನ ಪೂರ್ತಿ ಅರಳಿತು ಅನ್ನುವುದಕ್ಕೆ ಕ್ರಿ.ಶ. 812 ರಿಂದ ದಾಖಲೆ ಸಿಗುತ್ತೆ. ರಾಜರು, ಅರಮನೆಯವರು, ಸನ್ಯಾಸಿಗಳು ದಿನಚರಿ ಬರೆಯುತ್ತಿದ್ದರು. ಇಂಥ ದಿನ ಹೂವು ನೋಡಲು ಹೋದೆವು, ಇಂಥ ದಿನ ಮರದ ಕೆಳಗೆ ಊಟ ಆಯಿತು ಅಂತ ಬರೆದಿಟ್ಟರು. ಯಸುಯುಕಿ ಅವೊನೊ ಅನ್ನುವ ವಿಜ್ಞಾನಿ ಅದನ್ನೆಲ್ಲ ಹುಡುಕಿ ಒಟ್ಟು ಮಾಡಿದರು. ನೂರಾರು ವರ್ಷ ಈ ದಿನ ಏಪ್ರಿಲ್ ಮಧ್ಯದ ಆಸುಪಾಸಿನಲ್ಲೇ ಓಡಾಡುತ್ತಿತ್ತು. 2021 ರಲ್ಲಿ ಮಾರ್ಚ್ 26 ಕ್ಕೇ ಪೂರ್ತಿ ಅರಳಿತು. 1200 ವರ್ಷದ ದಾಖಲೆಯಲ್ಲಿ ಅಲ್ಲಿಯವರೆಗೆ ಅಷ್ಟು ಬೇಗ ಅರಳಿದ್ದೇ ಇರಲಿಲ್ಲ.

ಚಳಿ ನಾಡಿನಲ್ಲಿ ಇದ್ದು ಬಂದವರು ಇಲ್ಲಿ ಯಾರಾದರೂ ಇದ್ದೀರಾ? ಕಣ್ಣಾರೆ ಕಂಡದ್ದು ಹೇಳಿ. ಮತ್ತೆ ಅಜ್ಜನ ಈ ಎರಡು ಸಾಲಿಗೆ ಏನಾದರೂ ಬೆಲೆ ಇದೆಯಾ, ಅದನ್ನೂ ಹೇಳಿ. ಒಂದೇ ವರ್ಷದಲ್ಲಿ 20 ದಿನ ವ್ಯತ್ಯಾಸ ಅಂದರೆ ನನಗೆ ತುಂಬ ಜಾಸ್ತಿ ಅನ್ನಿಸಿತು.

ಮಾಜಿ ಯೋಧ, ಹೊಸದುರ್ಗ

ಸೈನ್ಯದಲ್ಲಿದ್ದಾಗ ಉತ್ತರಾಖಂಡದ ಬೆಟ್ಟದಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿ ಬುರಾಂಶ್ ಅನ್ನುವ ಮರ ಇದೆ. ಆ ರಾಜ್ಯದ ಮರವೇ ಅದು. ನಮ್ಮ ಮುತ್ತುಗ ಬೇಸಿಗೆ ಶುರುವಿನಲ್ಲಿ ಕಾಡಿಗೆ ಬೆಂಕಿ ಬಿದ್ದ ಹಾಗೆ ಕಾಣುತ್ತಲ್ಲ, ಅದೇ ಥರ. ಆದರೆ ಇದರ ಹೂವು ಕಡುಗೆಂಪು, ಒಂದೊಂದು ಗೊಂಚಲೂ ಮುಷ್ಟಿಯಷ್ಟು ದಪ್ಪ. ಹೂವಿನಿಂದ ಶರಬತ್ತು ಮಾಡುತ್ತಾರೆ. ಕಾವಲು ಮುಗಿಸಿ ಬಂದಾಗ ಹಳ್ಳಿಯವರು ಎಷ್ಟೋ ಸಲ ಕೊಟ್ಟಿದ್ದಾರೆ.

ಅಲ್ಲಿ ಮಾರ್ಚ್ ಮಧ್ಯದಲ್ಲಿ ಫೂಲ್ ದೇಯಿ ಅಂತ ಹಬ್ಬ. ಮಕ್ಕಳು ಬೆಳಿಗ್ಗೆ ಬುಟ್ಟಿ ಹಿಡಿದು ಮನೆಮನೆಗೆ ಹೋಗಿ ಹೊಸ್ತಿಲ ಮೇಲೆ ಹೂವು ಇಡುತ್ತಾರೆ. ಬುರಾಂಶ್ ಕೂಡ ಇಡುತ್ತಾರೆ. ಮನೆಯವರು ಅಕ್ಕಿ, ಬೆಲ್ಲ ಕೊಟ್ಟು ಕಳಿಸುತ್ತಾರೆ. ಹಬ್ಬದ ಹೊತ್ತಿಗೆ ಹೂವು ಸರಿಯಾಗಿ ಬಂದಿರುತ್ತಿತ್ತು. ನಿವೃತ್ತನಾದ ಮೇಲೆ ಒಂದು ಸಲ ಜನವರಿ ಕೊನೆಯಲ್ಲಿ ಆ ಕಡೆ ಹೋಗಿದ್ದೆ. ಕೆಳಗಿನ ಇಳಿಜಾರಿನಲ್ಲಿ ಬುರಾಂಶ್ ಆಗಲೇ ಕೆಂಪಾಗಿತ್ತು. ನನಗೆ ಊಟ ಕೊಟ್ಟ ಅಜ್ಜಿ, "ಹಬ್ಬದ ಹೊತ್ತಿಗೆ ಮಕ್ಕಳು ಹೂವಿಗೆ ಇನ್ನೂ ಮೇಲೆ ಹತ್ತಬೇಕು" ಅಂದರು. ಅವರಿಗೆ ಹವಾಮಾನ ಬದಲಾವಣೆ ಅನ್ನುವ ಮಾತು ಬೇಕಿರಲಿಲ್ಲ.

ಹಿಮಾಚಲದಲ್ಲೂ ಇದ್ದೆ. ಕುಲ್ಲು ಕಣಿವೆಯ ಕೆಳಭಾಗದಲ್ಲಿ ಸೇಬು ಸರಿಯಾಗಿ ಬರುತ್ತಿಲ್ಲ ಅಂತ ರೈತರು ಗಿಡ ಕಿತ್ತಿದ್ದಾರೆ. ಸೇಬು ಮೇಲೆ ಮೇಲೆ ಹೋಗುತ್ತಿದೆ, ಕಿನ್ನೌರ್, ಲಾಹೌಲ್ ಸ್ಪಿತಿ ಕಡೆಗೆ. ಕೆಳಗೆ ಅದರ ಜಾಗಕ್ಕೆ ಎಷ್ಟೋ ಜನ ಏನು ಹಾಕಿದ್ದಾರೆ ಗೊತ್ತಾ? ದಾಳಿಂಬೆ. ನಮ್ಮ ಹೊಸದುರ್ಗದ ಬೆಳೆ. ಅದನ್ನು ಅಲ್ಲಿ ಕಂಡಾಗ ಹೊಟ್ಟೆಯೊಳಗೆ ಏನೋ ಒಂಥರಾ ಆಯಿತು.

ಅಡಿಕೆ ತೋಟ, ಚನ್ನಗಿರಿ

ನನ್ನದೊಂದು ಪ್ರಶ್ನೆ. ಚಳಿ ಜಾಗದಲ್ಲಿ ಜನ ವಸಂತ ಯಾವಾಗ ಬರುತ್ತೋ ಅಂತ ಕಾಯುತ್ತಾರೆ. ಹೂವು ಹದಿನೈದು ದಿನ ಮುಂಚೆ ಬಂದರೆ ಕಾಯಿ ಬೇಗ, ಹಣ್ಣು ಬೇಗ, ಮಾರ್ಕೆಟ್ಟಿಗೂ ಬೇಗ. ಒಳ್ಳೇದೇ ಅಲ್ವಾ? ವಾದಕ್ಕೆ ಅಂತ ಕೇಳುತ್ತಿಲ್ಲ, ನಿಜವಾಗಲೂ ತಿಳಿಯಬೇಕು.

ಬಾಟನಿ ಮೇಷ್ಟ್ರು, ದಾವಣಗೆರೆ

ಕೇಳಬೇಕಾದ ಪ್ರಶ್ನೆಯೇ ಕೇಳಿದ್ದೀರಿ. ಸ್ವಲ್ಪ ಉದ್ದವಾಗುತ್ತೆ, ಸಾವಧಾನವಾಗಿ ಓದಿ.

ಸೇಬು, ಚೆರ್ರಿ ಮರಗಳ ಹೂಮೊಗ್ಗು ವಸಂತದಲ್ಲಿ ಹುಟ್ಟುವುದಲ್ಲ. ಹಿಂದಿನ ಬೇಸಿಗೆಯಲ್ಲೇ ಹುಟ್ಟಿರುತ್ತೆ. ಚಳಿಗಾಲ ಪೂರ್ತಿ ಮಲಗಿರುತ್ತೆ. ಎದ್ದೇಳಬೇಕಾದರೆ ಅದಕ್ಕೆ ಎರಡು ಲೆಕ್ಕ ತುಂಬಬೇಕು. ಮೊದಲು ಚಳಿಯ ಲೆಕ್ಕ. ಸೇಬಿನ ಎಷ್ಟೋ ತಳಿಗಳಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು 1000 ಗಂಟೆ ಸಿಗಬೇಕು. ಅದು ತುಂಬಿದ ಮೇಲೆ ಬಿಸಿಯ ಲೆಕ್ಕ ಶುರು. ಇಷ್ಟು ದಿನ ಇಷ್ಟು ಬೆಚ್ಚಗೆ ಇದ್ದರೆ ಮೊಗ್ಗು ಬಿಚ್ಚುತ್ತೆ. ಚಳಿಯ ಲೆಕ್ಕ ಯಾಕೆ ಬೇಕು ಅಂದರೆ, ನಡುಚಳಿಗಾಲದಲ್ಲಿ ನಾಲ್ಕು ದಿನ ಬಿಸಿಲು ಬಂತು ಅಂತ ಮೊಗ್ಗು ಮೋಸ ಹೋಗಬಾರದು. ಮರ ಸಾವಿರಾರು ವರ್ಷದಲ್ಲಿ ಕಲಿತ ಎಚ್ಚರಿಕೆ ಇದು.

ಈಗ ಭೂಮಿ ಬಿಸಿಯಾಗುತ್ತಿರುವುದರಿಂದ ಎರಡೂ ಲೆಕ್ಕ ಅಲುಗಾಡುತ್ತಿವೆ. ಚಳಿ ಇನ್ನೂ ಬೇಕಾದಷ್ಟು ಇರುವ ಕಡೆ ಬಿಸಿಯ ಲೆಕ್ಕ ಬೇಗ ತುಂಬುತ್ತೆ, ಹೂವು ಮುಂಚೆ ಬರುತ್ತೆ. ಚಳಿಯೇ ಸಾಲದ ಕಡೆ ಉಲ್ಟಾ ಆಗುತ್ತೆ. ಜಪಾನಿನ ಕ್ಯುಶು ದ್ವೀಪದ ದಕ್ಷಿಣ ತುದಿಯ ಕಾಗೋಶಿಮಾ ಟೋಕಿಯೋಗಿಂತ ಬೆಚ್ಚಗಿನ ಊರು. ಆದರೂ ಕೆಲವು ವರ್ಷ ಅಲ್ಲಿ ಚೆರ್ರಿ ಟೋಕಿಯೋ ಆದ ಮೇಲೆ ಅರಳುತ್ತೆ. ಮೊಗ್ಗಿಗೆ ನಿದ್ದೆ ಸಾಲದೆ ಎಚ್ಚರ ಸರಿಯಾಗಿ ಆಗಿರಲ್ಲ.

ಈಗ ಬೇಗ ಬಂದ ಹೂವಿನ ವಿಷಯ. ಮಲಗಿರುವ ಸೇಬಿನ ಮೊಗ್ಗು ಮೈನಸ್ 20 ಡಿಗ್ರಿಯನ್ನೂ ತಡೆಯುತ್ತೆ. ಅದೇ ಮೊಗ್ಗು ಬಿಚ್ಚಿ ಹೂವಾದ ಮೇಲೆ ಮೈನಸ್ 2 ಡಿಗ್ರಿಗೇ ಸಾಯಲು ಶುರುವಾಗುತ್ತೆ. ಹೂವು ಹದಿನೈದು ದಿನ ಮುಂಚೆ ಬಂತು ಅಂತ ಇಟ್ಟುಕೊಳ್ಳಿ. ನೀರು ಹೆಪ್ಪುಗಟ್ಟುವ ಚಳಿಯ ಕೊನೆಯ ರಾತ್ರಿ ಹದಿನೈದು ದಿನ ಮುಂಚೆ ಸರಿದಿರುವುದಿಲ್ಲವಲ್ಲ. 2012 ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಮಾರ್ಚ್ ತಿಂಗಳೇ ಬೇಸಿಗೆ ಥರ ಇತ್ತು, ಮರಗಳೆಲ್ಲ ಎದ್ದುಬಿಟ್ಟವು. ಏಪ್ರಿಲಿನಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಬಿತ್ತು. ಸೇಬಿನ ಬೆಳೆಯಲ್ಲಿ ಸುಮಾರು 90 ಪರ್ಸೆಂಟ್ ಹೋಯಿತು. 2021 ರ ಏಪ್ರಿಲಿನಲ್ಲಿ ಫ್ರಾನ್ಸಿನಲ್ಲಿ ಹೀಗೇ ಆಯಿತು. ದ್ರಾಕ್ಷಿ ತೋಟದವರು ಸಾಲು ಸಾಲಾಗಿ ಬೆಂಕಿ ಉರಿಸಿಕೊಂಡು ರಾತ್ರಿಯೆಲ್ಲ ಗಿಡ ಕಾದರು. ಆದರೂ ಎಷ್ಟೋ ತೋಟ ಉಳಿಯಲಿಲ್ಲ.

ಕಾಡಿನ ಗಿಡದ ಕಥೆಯೂ ಇದೇ. ಅಮೆರಿಕದ ಕೊಲೊರಾಡೋ ಬೆಟ್ಟದಲ್ಲಿ ಗಾಥಿಕ್ ಅಂತ ಒಂದು ಜಾಗ. ಡೇವಿಡ್ ಇನೊಯೆ ಅನ್ನುವವರು 1970ರ ದಶಕದಿಂದ ಅಲ್ಲಿ ಹೂವು ಎಣಿಸುತ್ತಾ ಬಂದರು. ಹಿಮ ಬೇಗ ಕರಗಿದ ವರ್ಷ ಅಲ್ಲಿನ ಕಾಡು ಸೂರ್ಯಕಾಂತಿಯ ಮೊಗ್ಗು ಬೇಗ ಹೊರಗೆ ಬರುತ್ತೆ, ಜೂನ್ ತಿಂಗಳ ಒಂದು ಚಳಿ ರಾತ್ರಿಗೆ ಸುಟ್ಟುಹೋಗುತ್ತೆ. ಹಿಮ ತಡವಾಗಿ ಕರಗಿದರೆ ಅದೇ ಹಿಮ ಕಂಬಳಿ ಹೊದಿಸಿದ ಹಾಗೆ ಗಿಡವನ್ನು ಕಾಯುತ್ತಿತ್ತು.

ಇನ್ನೂ ಉತ್ತರಕ್ಕೆ ಹೋದರೆ ಗ್ರೀನ್‌ಲ್ಯಾಂಡಿನ ಜಾಕನ್‌ಬರ್ಗ್. ಅಲ್ಲಿ 1996 ರಿಂದ 2005 ರವರೆಗೆ ನೋಡಿದಾಗ ಗಿಡ, ಹುಳ ಎಲ್ಲದರ ಕಾಲ ಸರಾಸರಿ ಹದಿನಾಲ್ಕೂವರೆ ದಿನ ಮುಂಚೆ ಸರಿದಿತ್ತು. ಹತ್ತೇ ವರ್ಷದಲ್ಲಿ.

ಮಾಜಿ ಯೋಧ, ಹೊಸದುರ್ಗ

ಮೇಷ್ಟ್ರೇ, ಹಿಮ ಹೊಡೆದ ಹೂವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಕುಲ್ಲುವಿನ ಒಬ್ಬ ತೋಟದವರು ಬೆಳಿಗ್ಗೆ ಎಂಟು ಗಂಟೆಗೆ ಕರೆದುಕೊಂಡು ಹೋಗಿದ್ದರು. ದೂರದಿಂದ ಮರ ಬೆಳ್ಳಗೆ ಚೆಂದ ಕಾಣುತ್ತಿತ್ತು. ಏನೂ ಆಗಿಲ್ಲವಲ್ಲ ಅಂದೆ. ಅವರು ಮಾತಾಡಲಿಲ್ಲ. ಒಂದು ಹೂವು ಕಿತ್ತು, ಎಸಳುಗಳನ್ನು ಒಂದೊಂದಾಗಿ ತೆಗೆದು ನನ್ನ ಅಂಗೈಗೆ ಇಟ್ಟರು. ನಡುವೆ ಹಸಿರಾಗಿ ಇರಬೇಕಾದ ಕಡ್ಡಿ ಕಪ್ಪಗಿತ್ತು, ಸುಟ್ಟ ಬತ್ತಿಯ ತುದಿ ಥರ. ಇನ್ನೊಂದು ಕಿತ್ತರು, ಅದೂ ಕಪ್ಪು. ಐದಾರು ಹೂವು ನೋಡಿ ಕೈ ಒರೆಸಿಕೊಂಡರು. "ಎಸಳು ಇನ್ನೂ ಎರಡು ದಿನ ಹೀಗೇ ಇರುತ್ತೆ, ಕಾಯಿ ಮಾತ್ರ ಇಲ್ಲ" ಅಂದರು. ಅವರ ಮಗಳ ಮದುವೆ ಆ ವರ್ಷ ಇತ್ತು.

ದಾವಣಗೆರೆಯಿಂದ ಬಾಸ್ಟನ್

ನಾನು ವಿದ್ಯಾನಗರದ ಹುಡುಗಿ, ಈಗ ಬಾಸ್ಟನ್ ಹತ್ತಿರ ಇದ್ದೇನೆ. ಇಲ್ಲಿಂದ ಸ್ವಲ್ಪ ದೂರದಲ್ಲಿ ಕಾಂಕರ್ಡ್ ಅಂತ ಊರು. ಹೆನ್ರಿ ಡೇವಿಡ್ ಥೋರೋ ಅನ್ನುವ ಲೇಖಕರು 1852 ರಿಂದ 1858 ರವರೆಗೆ ಆ ಊರಿನ ಕಾಡು, ಹೊಲ, ಜೌಗು ಎಲ್ಲ ಸುತ್ತಿ, ಯಾವ ಗಿಡ ಯಾವ ದಿನ ಮೊದಲ ಹೂವು ಬಿಟ್ಟಿತು ಅಂತ ಗುರುತು ಹಾಕಿಕೊಂಡಿದ್ದರು. ನೂರೈವತ್ತು ವರ್ಷ ಆದಮೇಲೆ ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರಿಮ್ಯಾಕ್, ಅವರ ವಿದ್ಯಾರ್ಥಿ ಅಬ್ರಹಾಂ ಮಿಲ್ಲರ್ ರಶಿಂಗ್ ಅದೇ ಊರು, ಅದೇ ಗಿಡಗಳನ್ನು ಮತ್ತೆ ನೋಡಿದರು. ಸರಾಸರಿ ಒಂದು ವಾರ ಮುಂಚೆ ಹೂವು ಬರುತ್ತಿತ್ತು. ಅಷ್ಟರಲ್ಲಿ ಆ ಭಾಗದ ತಾಪಮಾನ 2.4 ಡಿಗ್ರಿ ಏರಿತ್ತು.

ನನ್ನನ್ನು ಹೆಚ್ಚು ಕಾಡಿದ್ದು ಇದಾದ ಮೇಲಿನ ಮಾತು. ಥೋರೋ ಕಾಲದಲ್ಲಿ ಇದ್ದ ಗಿಡಗಳಲ್ಲಿ ಕಾಲು ಭಾಗಕ್ಕೂ ಜಾಸ್ತಿ ಈಗ ಕಾಂಕರ್ಡಿನಲ್ಲಿ ಇಲ್ಲವೇ ಇಲ್ಲ. ಹಾಗೆ ಕಾಣೆಯಾದ ಗಿಡಗಳಲ್ಲಿ, ಬಿಸಿ ಏರಿದರೂ ತಮ್ಮ ಹೂವಿನ ದಿನ ಬದಲಾಯಿಸದೆ ಹಳೇ ತಾರೀಖಿಗೇ ನಿಂತವು ಜಾಸ್ತಿ. ಮುಂಚೆ ಹೂವು ಬಿಡುವುದೇ ರೋಗ ಅಂತ ನಾನು ತಿಳಿದಿದ್ದೆ. ಆದರೆ ಮುಂಚೆ ಬಿಡಲು ಆಗದ ಗಿಡದ ಪಾಡು ಇನ್ನೂ ಕಷ್ಟ.

ಇಂಗ್ಲೆಂಡಿನಲ್ಲಿ ಇದಕ್ಕಿಂತ ಹಳೆಯ ಲೆಕ್ಕ ಇದೆ. ರಾಬರ್ಟ್ ಮಾರ್ಶಮ್ ಅನ್ನುವವರು 1736 ರಲ್ಲಿ ತಮ್ಮ ಜಮೀನಿನಲ್ಲಿ ಶುರು ಮಾಡಿದರು. ಅಂಥ ಜನ ಬರೆದ ನಾಲ್ಕು ಲಕ್ಷಕ್ಕೂ ಜಾಸ್ತಿ ನಮೂದುಗಳನ್ನು 2022 ರಲ್ಲಿ ಒಟ್ಟಿಗೆ ಇಟ್ಟು ನೋಡಿದರು, 406 ಜಾತಿ ಗಿಡ. 1986 ಕ್ಕೆ ಮುಂಚಿನದಕ್ಕೆ ಹೋಲಿಸಿದರೆ ಆಮೇಲಿನ ವರ್ಷಗಳಲ್ಲಿ ಮೊದಲ ಹೂವು ಸರಾಸರಿ ಒಂದು ತಿಂಗಳು ಮುಂಚೆ. ಬರೆದವರಲ್ಲಿ ಹೆಚ್ಚಿನವರು ವಿಜ್ಞಾನಿಗಳೇ ಅಲ್ಲ. ಹಿತ್ತಲಿದ್ದವರು.

ಸೇವಂತಿಗೆ ಹೊಲ, ಹಿರಿಯೂರು

ನಮಗೆ ಗೊತ್ತಿರುವುದು ಸೇವಂತಿಗೆ ಒಂದೇ. ಅದು ಚಳಿಗಿಂತ ಕತ್ತಲೆಯನ್ನು ನೋಡುತ್ತೆ. ರಾತ್ರಿ ಉದ್ದ ಆದರೆ ಮೊಗ್ಗು ಕಟ್ಟುತ್ತೆ. ಹಬ್ಬಕ್ಕೆ ಹೂವು ಬರಲಿ ಅಂತ ಹೊಲದ ತುಂಬ ತಂತಿ ಎಳೆದು ರಾತ್ರಿ ಬಲ್ಬ್ ಹಾಕುತ್ತೇವೆ. ಬೆಳಕು ಇರುವವರೆಗೆ ಗಿಡ ಸುಮ್ನೆ ಎತ್ತರ ಬೆಳೆಯುತ್ತೆ. ಬಲ್ಬ್ ಆರಿಸಿದ ಮೇಲೆ ಮೊಗ್ಗಿಗೆ ತಿರುಗುತ್ತೆ. ಒಂದು ಸಲ ಹೊಲದ ಮೂಲೆಯ ಎರಡು ಬಲ್ಬ್ ಸುಟ್ಟಿದ್ದು ಗೊತ್ತಾಗಿರಲಿಲ್ಲ. ಆ ಮೂಲೆಯ ಗಿಡ ಮೊಣಕಾಲುದ್ದಕ್ಕೇ ನಿಂತು ಹೂವು ಬಿಟ್ಟಿತು, ಪಕ್ಕದ ಸಾಲು ಇನ್ನೂ ಹಸಿರು. ಗೆರೆ ಎಳೆದ ಹಾಗೆ ಕಾಣುತ್ತಿತ್ತು.

ಅದಕ್ಕೇ ಕೇಳುತ್ತೇನೆ. ಭೂಮಿ ಬಿಸಿಯಾದರೂ ಹಗಲು ರಾತ್ರಿ ಬದಲಾಗಲ್ಲ ಅಲ್ವಾ? ಕತ್ತಲೆ ನೋಡುವ ಗಿಡ ಚಳಿ ನಾಡಿನಲ್ಲಿ ಇದ್ದರೆ ಅದಕ್ಕೆ ತೊಂದರೆ ಇಲ್ಲವಾ?

ಬಾಟನಿ ಮೇಷ್ಟ್ರು, ದಾವಣಗೆರೆ

ಬಲ್ಬಿನ ಮಾತು ಪಾಠಕ್ಕೆ ಇಟ್ಟುಕೊಳ್ಳುತ್ತೇನೆ. ಹೌದು, ಹಗಲಿನ ಉದ್ದ ಬದಲಾಗಲ್ಲ. ಕೆಲವು ಗಿಡ ಬಿಸಿಯನ್ನು ನಂಬುತ್ತೆ, ಕೆಲವು ಬೆಳಕನ್ನು, ಎಷ್ಟೋ ಗಿಡ ಎರಡನ್ನೂ. ಬೆಳಕನ್ನೇ ನಂಬಿದ ಗಿಡ ಹಳೇ ದಿನಕ್ಕೇ ನಿಲ್ಲುತ್ತೆ. ಆದರೆ ಅಕ್ಕಪಕ್ಕದ ಗಿಡ, ಹುಳ ಎಲ್ಲ ಮುಂದೆ ಹೋಗಿರುತ್ತೆ. ಜೊತೆ ತಪ್ಪುತ್ತೆ.

ಜಪಾನಿನ ಉತ್ತರದ ಹೊಕ್ಕೈಡೋದಲ್ಲಿ ಗಾಕು ಕುಡೊ ಅನ್ನುವವರು ಇದನ್ನು ವರ್ಷಗಟ್ಟಲೆ ನೋಡಿದ್ದಾರೆ. ಕೊರಿಡಾಲಿಸ್ ಅಂತ ಒಂದು ಸಣ್ಣ ಕಾಡುಗಿಡ, ಹಿಮ ಕರಗಿದ ಕೂಡಲೇ ಹೂವು ಬಿಡುತ್ತೆ. ಅದಕ್ಕೆ ಪರಾಗ ತರುವುದು ಒಂದು ಜಾತಿಯ ದಪ್ಪ ದುಂಬಿ. ಚಳಿಗಾಲದಲ್ಲಿ ರಾಣಿ ದುಂಬಿ ಮಣ್ಣೊಳಗೆ ಮಲಗಿರುತ್ತೆ, ಮಣ್ಣು ಬೆಚ್ಚಗಾದ ಮೇಲೆ ಎದ್ದು ಬರುತ್ತೆ. ಹಿಮ ಬೇಗ ಕರಗಿದ ವರ್ಷ ಹೂವು ಬಂತು, ದುಂಬಿ ಬಂದಿಲ್ಲ. ಬೀಜ ಕಟ್ಟುವುದು ಆ ವರ್ಷ ತುಂಬ ಕಡಿಮೆ. ಎರಡೂ ಒಂದೇ ಕಾಡಿನಲ್ಲಿ, ಒಂದೇ ನೆಲದಲ್ಲಿ ಇವೆ. ಆದರೂ ಗಡಿಯಾರ ಬೇರೆ ಬೇರೆ.

ಅಡಿಕೆ ತೋಟ, ಚನ್ನಗಿರಿ

ಉತ್ತರ ಸಿಕ್ಕಿತು ಮೇಷ್ಟ್ರೇ. ಓದುತ್ತಾ ಓದುತ್ತಾ ನನ್ನ ತೋಟದ ಬದುವಿನ ಮಾವು ನೆನಪಾಯಿತು. ನಮ್ಮಲ್ಲಿ ಹಿಮ ಎಲ್ಲಿಂದ ಬರಬೇಕು. ಆದರೆ ಮಾವಿಗೂ ಒಂದು ಚಳಿ ಬೇಕು. ಮಾರ್ಗಶಿರ, ಪುಷ್ಯದಲ್ಲಿ ರಾತ್ರಿ ತಣ್ಣಗಾಗಬೇಕು, ಮೈ ಮೇಲೆ ಕಂಬಳಿ ಎಳೆಯಬೇಕು. ಆಗ ಕೊಂಬೆಯ ತುದಿ ಹೂವಿಗೆ ತಿರುಗುತ್ತೆ. ರಾತ್ರಿ ಬೆಚ್ಚಗಿದ್ದ ವರ್ಷ, ಅದರ ಮೇಲೆ ಮೋಡ, ಅಕಾಲದ ಮಳೆ ಸೇರಿದರೆ, ತುದಿಯಲ್ಲಿ ಕೆಂಪು ಚಿಗುರು ಬರುತ್ತೆ. ಹೋದ ವರ್ಷ ಒಂದೇ ಮರದಲ್ಲಿ ಪೂರ್ವದ ಕೊಂಬೆ ಹೂವು, ಪಶ್ಚಿಮದ ಕೊಂಬೆ ಚಿಗುರು. ನಮ್ಮಪ್ಪ ನೋಡಿ "ಮರಕ್ಕೆ ದಾರಿ ತಪ್ಪಿದೆ" ಅಂದರು. ಮಾವು ಗುತ್ತಿಗೆಗೆ ಹಿಡಿಯುವವರು ಬಂದು ಮರ ನೋಡಿ ಹಾಗೇ ಹೋದರು.

ಸೇಬಿಗೆ 1000 ಗಂಟೆ ಚಳಿ ಅಂದಿರಿ. ನಮ್ಮ ಮಾವಿನ ಚಳಿ ಅಷ್ಟಿಲ್ಲ, ಆದರೂ ಅದಕ್ಕೊಂದು ಲೆಕ್ಕ ಇದೆ ಅಂತ ಈಗ ಅರ್ಥ ಆಯಿತು.

ದಾವಣಗೆರೆಯಿಂದ ಬಾಸ್ಟನ್

ಹಿತ್ತಲ ಬೇವು ಅವರೇ, ನಿಮ್ಮ ಅಜ್ಜನ ಸಾಲು ಎರಡು ದಿನದಿಂದ ನನ್ನ ತಲೆಯಲ್ಲೇ ಇದೆ. ಒಂದು ಕೆಲಸ ಮಾಡಿದೆ. ಸಂವತ್ಸರದ ಸುತ್ತು 60 ವರ್ಷ. ಪ್ರಭವ 1987 ರಲ್ಲಿ ಬಂತು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಕಾಳಯುಕ್ತಿ 1978, ಪಿಂಗಳ 1977. ಅಜ್ಜನ ಕಾಲಕ್ಕೆ ಸರಿಹೋಗುತ್ತೆ ಅಂದುಕೊಂಡಿದ್ದೇನೆ.

ಇನ್ನು ಯುಗಾದಿ. ಅದು ಚಂದ್ರನ ಹಬ್ಬ, ಒಂದೇ ತಾರೀಖಿಗೆ ನಿಲ್ಲಲ್ಲ. 2023 ರಲ್ಲಿ ಮಾರ್ಚ್ 22 ಕ್ಕೆ ಬಂತು, 2024 ರಲ್ಲಿ ಏಪ್ರಿಲ್ 9 ಕ್ಕೆ. ಅಧಿಕ ಮಾಸ ಬಂದರೆ ಹೀಗೆ ಮುಂದೆ ಜಿಗಿಯುತ್ತೆ. 1977 ರಲ್ಲೂ ಅಧಿಕ ಮಾಸ ಇತ್ತು. ಆ ವರ್ಷ ಯುಗಾದಿ ಮಾರ್ಚ್ 20, ಮರುವರ್ಷ ಏಪ್ರಿಲ್ 8.

ಪಿಂಗಳ: ಮಾರ್ಚ್ 20 ಆದಮೇಲೆ 9 ದಿನ. ಮಾರ್ಚ್ 29.

ಕಾಳಯುಕ್ತಿ: ಏಪ್ರಿಲ್ 8 ಕ್ಕೆ 11 ದಿನ ಮುಂಚೆ. ಮಾರ್ಚ್ 28.

ವ್ಯತ್ಯಾಸ 20 ದಿನ ಅಲ್ಲ. ಒಂದೇ ದಿನ. ಮರ ಅವಸರ ಮಾಡಿರಲಿಲ್ಲ, ಹಬ್ಬ ತಡವಾಗಿ ಬಂದಿತ್ತು. ಇದನ್ನು ಬರೆಯುವಾಗ ನನಗೆ ಕಣ್ಣು ತುಂಬಿ ಬಂತು.

ಕ್ಯೋಟೋ ಲೆಕ್ಕದಲ್ಲೂ ಇದೇ ಕೆಲಸ ಇತ್ತು. ಜಪಾನಿನವರು ಈಗಿನ ಕ್ಯಾಲೆಂಡರಿಗೆ ಬಂದದ್ದು 1873 ರಲ್ಲಿ. ಅದಕ್ಕೂ ಹಿಂದಿನ ದಿನಚರಿ ಎಲ್ಲ ಚಂದ್ರನ ತಿಂಗಳಲ್ಲಿ, ಅಧಿಕ ಮಾಸ ಸಮೇತ. ಒಂದೊಂದನ್ನೂ ಸೂರ್ಯನ ತಾರೀಖಿಗೆ ತಿರುಗಿಸಿದ ಮೇಲೇ ಆ 1200 ವರ್ಷದ ಗೆರೆ ಸಿಕ್ಕಿದ್ದು.

ಹಿತ್ತಲ ಬೇವು, ಚಿತ್ರದುರ್ಗ

ಅಮ್ಮನಿಗೆ ಓದಿ ಹೇಳಿದೆ. ಮತ್ತೆ ಓದು ಅಂದರು. ಅಜ್ಜ ಬೇವಿನ ಹೂವಿಗೆ ಕಾಯುತ್ತಿದ್ದದ್ದು ಬೇವು ಬೆಲ್ಲಕ್ಕಂತೆ. ಪಿಂಗಳದ ಯುಗಾದಿಗೆ ಮರದಲ್ಲಿ ಹೂವು ಇರಲಿಲ್ಲ, ಬರೀ ಎಲೆ ಹಾಕಿದ್ದರಂತೆ. ಅದಕ್ಕೇ ಬರೆದಿಟ್ಟಿರಬೇಕು. ಅಮ್ಮನಿಗೆ ಆ ಯುಗಾದಿ ನೆನಪಿದೆ. ಎಲೆ ತುಂಬ ಕಹಿ ಆಗಿತ್ತು ಅಂದರು.

ಅಡಿಕೆ ತೋಟ, ಚನ್ನಗಿರಿ

ಹಬ್ಬ ಜಾರುತ್ತೆ, ಆದರೆ ಮಳೆ ನಕ್ಷತ್ರ ಜಾರಲ್ಲ. ಅಶ್ವಿನಿ ಏಪ್ರಿಲ್ ಮಧ್ಯಕ್ಕೆ ಹುಟ್ಟುತ್ತೆ, ಭರಣಿ ಏಪ್ರಿಲ್ ಕೊನೆಗೆ. ಅದು ಸೂರ್ಯನ ಲೆಕ್ಕ. ನಿಮ್ಮ ಹಳೇ ಮನೆಗಳಲ್ಲಿ ಯಾರಾದರೂ "ಭರಣಿ ಎರಡನೇ ದಿನ ಇದು ಹೂವು ಬಿಟ್ಟಿತು" ಅಂತ ಬರೆದಿದ್ದರೆ ಅದು ನೇರವಾಗಿ ತಾರೀಖಿಗೆ ಬರುತ್ತೆ. ನಮ್ಮಪ್ಪನ ಪಂಚಾಂಗಗಳ ಅಂಚಿನಲ್ಲಿ ಪೆನ್ಸಿಲ್ ಗುರುತು ಇವೆ. ನಾಳೆ ಕಟ್ಟು ಬಿಚ್ಚುತ್ತೇನೆ.

ಬಾಟನಿ ಮೇಷ್ಟ್ರು, ದಾವಣಗೆರೆ

ದಯವಿಟ್ಟು ಬಿಚ್ಚಿ. ಒಂದು ಮರ, ಎರಡು ವರ್ಷ ಇಟ್ಟುಕೊಂಡು ಹವಾಮಾನ ಬದಲಾಯಿತು ಅಂತ ಹೇಳಲು ಆಗಲ್ಲ, ಬದಲಾಗಿಲ್ಲ ಅಂತಲೂ ಆಗಲ್ಲ. ಕಾಂಕರ್ಡಿಗೆ ಹಳೇ ಪುಟ ಇತ್ತು, ಅದಕ್ಕೇ ಗೊತ್ತಾಯಿತು. ನಮ್ಮ ಜೋಗಿಮಟ್ಟಿ ಕಾಡಿನ ಗಿಡಗಳಿಗೆ ಅಂಥ ಪುಟ ಎಲ್ಲಿದೆ ಹೇಳಿ. ಸೀಸನ್‌ವಾಚ್ ಅಂತ ಒಂದು ಯೋಜನೆ ಇದೆ, ಕೇರಳದ ಶಾಲೆಗಳಲ್ಲಿ ಚೆನ್ನಾಗಿ ನಡೆದಿದೆ. ಒಂದು ಮರ ಹಿಡಿದುಕೊಂಡು ವಾರಕ್ಕೊಮ್ಮೆ ಚಿಗುರು, ಹೂವು, ಕಾಯಿ ನೋಡಿ ಬರೆಯುವುದು, ಅಷ್ಟೇ. ಹಿತ್ತಲ ಬೇವು ಅವರ ಮಕ್ಕಳು ಮಾಡಬಹುದು. ಬರೆಯುವಾಗ ತಾರೀಖು ಹಾಕಿ. ಯಾವ ಕೊಂಬೆ ಅಂತಲೂ ಹಾಕಿ.

ಸೇವಂತಿಗೆ ಹೊಲ, ಹಿರಿಯೂರು

ನಮ್ಮ ಬದುವಿನ ಹೊಂಗೆ. ಮಾರ್ಚ್ 11. ಮೊಗ್ಗು ಇದೆ, ಬಿಚ್ಚಿಲ್ಲ.

ಮಾಜಿ ಯೋಧ, ಹೊಸದುರ್ಗ

ಮನೆ ಎದುರಿನ ಮುತ್ತುಗ. ಮಾರ್ಚ್ 12. ಅರ್ಧ ಹೂವು ಆಗಲೇ ನೆಲಕ್ಕೆ ಬಿದ್ದಿದೆ. ಮೊದಲ ಹೂವು ಯಾವ ದಿನ ಬಂತು ಅಂತ ಈ ಸಲ ನೋಡಿಕೊಳ್ಳಲಿಲ್ಲ.

ಹಿತ್ತಲ ಬೇವು, ಚಿತ್ರದುರ್ಗ

ಹಿತ್ತಲ ಬೇವು. ಮಾರ್ಚ್ 14, ಬೆಳಿಗ್ಗೆ ಏಳು. ಬಾವಿ ಕಡೆಯ ಕೆಳಗಿನ ಕೊಂಬೆ, ಒಂದೇ ಗೊಂಚಲು, ಅದರಲ್ಲಿ ನಾಲ್ಕು ಹೂವು ಬಿಚ್ಚಿವೆ. ಅಜ್ಜನ ಪುಸ್ತಕದಲ್ಲೇ, ಅವರ ಎರಡು ಸಾಲಿನ ಕೆಳಗೆ ಬರೆದಿದ್ದೇನೆ.